ಆನ್‌ಲೈನ್ ಸಮುದಾಯ ಸೇವಾ ಕಲಿಕೆ: ಒಪ್ಪಿಗೆಗೆ ಮುನ್ನ ಗ್ರಾಮ ಪಂಚಾಯತಿ ತಿಳಿದಿರಬೇಕಾದ ಸಂಗತಿಗಳು

ಕಾಲೇಜು ಹಾಗೂ ವಿಶ್ವವಿದ್ಯಾಲಯಗಳಿಂದ ಗ್ರಾಮ ಪಂಚಾಯತಿ ಕಚೇರಿಗೆ ಪತ್ರಗಳು ಬರುವುದು ಹೊಸತೇನಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಶಾಲಾ ಕಟ್ಟಡವನ್ನು ಒದಗಿಸಬೇಕೆಂದು, ಮನೆ ಮನೆ ಸಮೀಕ್ಷೆಗೆ ಅನುಮತಿ ನೀಡಬೇಕೆಂದು, ವಿದ್ಯಾರ್ಥಿಗಳಿಗೆ ಪಂಚಾಯತಿಯ ಕಾರ್ಯವೈಖರಿಯನ್ನು ಪರಿಚಯಿಸಬೇಕೆಂದು ಕೋರುವ ಪತ್ರಗಳನ್ನು ಸದಸ್ಯರು ನೋಡಿಯೇ ಇರುತ್ತಾರೆ. ಈ ಸಾಲಿಗೆ ಇನ್ನೊಂದು ಬಗೆಯ ಕೋರಿಕೆಯೂ ಸೇರುತ್ತಿದೆ. ವಿದ್ಯಾರ್ಥಿಗಳು ಗ್ರಾಮಕ್ಕೆ ಒಂದೆರಡು ಬಾರಿ ಮಾತ್ರ ಬಂದು, ಅಥವಾ ಬಾರದೆಯೇ, ಗಣಕಯಂತ್ರ ಮತ್ತು ಮೊಬೈಲ್ ಮೂಲಕ ಗ್ರಾಮಕ್ಕೆ ಉಪಯುಕ್ತವಾದ ಕೆಲಸ ಮಾಡಿಕೊಡುತ್ತಾರೆ. ಆ ಕೆಲಸ ಅವರ ಪಠ್ಯದ ಭಾಗವಾಗಿದ್ದು ಅದಕ್ಕೆ ಅಂಕ ದೊರೆಯುತ್ತದೆ. ಇದನ್ನೇ ಆನ್‌ಲೈನ್ ಸಮುದಾಯ ಸೇವಾ ಕಲಿಕೆ ಎನ್ನಲಾಗುತ್ತದೆ.

ಇಂತಹ ಕೋರಿಕೆ ಬಂದಾಗ ಪಂಚಾಯತಿ ಏನು ಮಾಡಬೇಕು? ಸಾಮಾನ್ಯ ಸಭೆಯಲ್ಲಿ ಒಂದು ಸಾಲಿನ ನಿರ್ಣಯ ಮಾಡಿ ಒಪ್ಪಿಗೆ ಕೊಡುವುದು ಸುಲಭ. ‘ನಮಗೇಕೆ ಈ ತೊಂದರೆ’ ಎಂದು ಪತ್ರವನ್ನು ಕಡತಕ್ಕೆ ಸೇರಿಸುವುದೂ ಸುಲಭ. ಎರಡರಿಂದಲೂ ಗ್ರಾಮಕ್ಕೆ ಪ್ರಯೋಜನವಿಲ್ಲ. ಊರಿನ ಜನರು ಈವರೆಗೆ ಎಷ್ಟೋ ಸಮೀಕ್ಷೆಗಳಿಗೆ ತಾಳ್ಮೆಯಿಂದ ಉತ್ತರಿಸಿದ್ದಾರೆ. ಆ ಉತ್ತರಗಳಿಂದ ಏನು ತಿಳಿಯಿತು ಎಂಬುದು ಅವರ ಕಿವಿಗೆ ಮರಳಿ ಬಿದ್ದದ್ದು ಕಡಿಮೆ. ಆನ್‌ಲೈನ್ ವಿಧಾನವು ಈ ಕೊರತೆಯನ್ನು ನೀಗಿಸಲೂಬಲ್ಲದು, ಹೆಚ್ಚಿಸಲೂಬಲ್ಲದು. ಯಾವುದು ನಡೆಯುತ್ತದೆ ಎಂಬುದು ಪಂಚಾಯತಿಯು ಆರಂಭದಲ್ಲಿ ಕೇಳುವ ಪ್ರಶ್ನೆಗಳನ್ನು ಅವಲಂಬಿಸಿದೆ.

ಸೇವಾ ಕಲಿಕೆ ಎಂದರೇನು?

ದುಡಿಮೆಯನ್ನೂ ಕಲಿಕೆಯನ್ನೂ ಬೆಸೆಯುವ ವಿಚಾರ ಈ ನಾಡಿಗೆ ಹೊರಗಿನದಲ್ಲ. 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲ ಶಿಕ್ಷಣದ ತಿರುಳು ಇದೇ ಆಗಿತ್ತು. ಅವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ಸ್ವಯಂಸೇವಕರೊಂದಿಗೆ ಆರಂಭವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ 2 ವರ್ಷ ಸೇವೆ ಸಲ್ಲಿಸುವುದು ಹಾಗೂ 7 ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸುವುದು ಅದರ ಕ್ರಮ.

ಸೇವಾ ಕಲಿಕೆ ಎಂಬ ಪದವು 1960ರ ದಶಕದಲ್ಲಿ ಅಮೆರಿಕದ ಶಿಕ್ಷಣ ವಲಯದಲ್ಲಿ ಬಳಕೆಗೆ ಬಂದಿತು. ಶ್ರಮದಾನಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಶ್ರಮದಾನದಲ್ಲಿ ಚರಂಡಿ ಸ್ವಚ್ಛವಾದರೆ ಕೆಲಸ ಮುಗಿಯಿತು. ಸೇವಾ ಕಲಿಕೆಯಲ್ಲಿ ಮೂರು ಅಂಶಗಳು ಕೂಡಿರಬೇಕು. ಮೊದಲನೆಯದಾಗಿ, ಸಮುದಾಯವೇ ಗುರುತಿಸಿದ ಒಂದು ನಿಜವಾದ ಅಗತ್ಯವಿರಬೇಕು. ಎರಡನೆಯದಾಗಿ, ಆ ಅಗತ್ಯಕ್ಕೂ ವಿದ್ಯಾರ್ಥಿಯು ಓದುತ್ತಿರುವ ವಿಷಯಕ್ಕೂ ಸಂಬಂಧವಿರಬೇಕು. ಮೂರನೆಯದಾಗಿ, ಮಾಡಿದ ಕೆಲಸದಿಂದ ತಾನು ಏನು ಕಲಿತೆ ಎಂಬುದನ್ನು ವಿದ್ಯಾರ್ಥಿಯು ಅಧ್ಯಾಪಕರ ಮಾರ್ಗದರ್ಶನದಲ್ಲಿ ಅವಲೋಕಿಸಿ ದಾಖಲಿಸಬೇಕು. ಮೊದಲನೆಯದು ಇಲ್ಲದಿದ್ದರೆ ಅದು ಕೇವಲ ಪರೀಕ್ಷೆಯ ತಯಾರಿ. ಎರಡನೆಯದು ಮತ್ತು ಮೂರನೆಯದು ಇಲ್ಲದಿದ್ದರೆ ಅದು ಕೇವಲ ಸ್ವಯಂಸೇವೆ.

ಇದು ಪಂಚಾಯತಿಯ ಬಾಗಿಲಿಗೆ ಬಂದ ಬಗೆ

ಕೇಂದ್ರ ಸರ್ಕಾರವು 2014ರಲ್ಲಿ ಉನ್ನತ ಭಾರತ ಅಭಿಯಾನವನ್ನು ಆರಂಭಿಸಿತು. ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಇದರ ರಾಷ್ಟ್ರಮಟ್ಟದ ಸಮನ್ವಯ ಸಂಸ್ಥೆ. ಅಭಿಯಾನದಲ್ಲಿ ಭಾಗವಹಿಸುವ ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯು ಕನಿಷ್ಠ 5 ಗ್ರಾಮಗಳ ಸಮೂಹವೊಂದನ್ನು ಆಯ್ದುಕೊಂಡು ಅಲ್ಲಿನ ಸಮಸ್ಯೆಗಳ ಬಗ್ಗೆ ಕೆಲಸ ಮಾಡಬೇಕೆಂಬುದು ಆಶಯ. ನಂತರ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿ ಪಠ್ಯಕ್ರಮದಲ್ಲಿ ಸಮುದಾಯದೊಡನೆ ಒಡನಾಟ ಮತ್ತು ಸೇವೆಗೆ ಕ್ರೆಡಿಟ್ ನೀಡಬೇಕೆಂದು ಹೇಳಿತು.

ವಿಶ್ವವಿದ್ಯಾಲಯ ಅನುದಾನ ಆಯೋಗವು ಈ ಉದ್ದೇಶಕ್ಕಾಗಿ 2 ಕ್ರೆಡಿಟ್‌ಗಳ, ಒಟ್ಟು 30 ಗಂಟೆಗಳ ಪಠ್ಯದ ಮಾದರಿಯೊಂದನ್ನು ರೂಪಿಸಿದೆ. ಗ್ರಾಮೀಣ ಸಮಾಜ, ಸ್ಥಳೀಯ ಆರ್ಥಿಕತೆ ಮತ್ತು ಜೀವನೋಪಾಯ, ಸ್ಥಳೀಯ ಸಂಸ್ಥೆಗಳು ಹಾಗೂ ಅಭಿವೃದ್ಧಿ ಕಾರ್ಯಕ್ರಮಗಳು ಎಂಬ ನಾಲ್ಕು ಭಾಗಗಳು ಅದರಲ್ಲಿವೆ. ಅಂದರೆ ಪಂಚಾಯತಿ ಮತ್ತು ಗ್ರಾಮಸಭೆಗಳೇ ವಿದ್ಯಾರ್ಥಿಗಳ ಪಾಠ. ಈ ಪಠ್ಯದ ಕನಿಷ್ಠ ಅರ್ಧದಷ್ಟು ಸಮಯವನ್ನು ಕ್ಷೇತ್ರದಲ್ಲಿ ಕಳೆಯಬೇಕೆಂದು ಆ ಮಾದರಿ ಹೇಳುತ್ತದೆ ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು. ಊರಿಗೆ ಒಮ್ಮೆಯೂ ಕಾಲಿಡದೆ ಎಲ್ಲವನ್ನೂ ದೂರದಿಂದಲೇ ಮುಗಿಸುವುದಾಗಿ ಹೇಳುವ ಕಾಲೇಜನ್ನು ‘ಕ್ಷೇತ್ರ ಕಾರ್ಯ ಯಾವಾಗ?’ ಎಂದು ಕೇಳುವುದು ತಪ್ಪಲ್ಲ.

2020ರಲ್ಲಿ ಕೊರೊನಾ ಸೋಂಕಿನಿಂದ ಕಾಲೇಜುಗಳು ಮುಚ್ಚಿದಾಗ, ಅನೇಕ ದೇಶಗಳಲ್ಲಿ ಸೇವಾ ಕಲಿಕೆಯ ತರಗತಿಗಳು ಅನಿವಾರ್ಯವಾಗಿ ಅಂತರ್ಜಾಲಕ್ಕೆ ಬಂದವು. ಅಂದು ಅನಿವಾರ್ಯವಾಗಿದ್ದ ವಿಧಾನವನ್ನು ಇಂದು ಆಯ್ಕೆಯಾಗಿ ಬಳಸಬಹುದಾಗಿದೆ.

ನಾಲ್ಕು ವಿಧಗಳು

ಪಾಠ ಎಲ್ಲಿ ನಡೆಯುತ್ತದೆ, ಸೇವೆ ಎಲ್ಲಿ ನಡೆಯುತ್ತದೆ ಎಂಬುದರ ಆಧಾರದ ಮೇಲೆ ಇದನ್ನು ನಾಲ್ಕು ವಿಧವಾಗಿ ವಿಂಗಡಿಸಲಾಗುತ್ತದೆ.

1. ಪಾಠ ಆನ್‌ಲೈನ್‌ನಲ್ಲಿ, ಸೇವೆ ಗ್ರಾಮದಲ್ಲಿ. ದೂರಶಿಕ್ಷಣದಲ್ಲಿ ಓದುತ್ತಾ ತನ್ನೂರಿನಲ್ಲೇ ಇರುವ ವಿದ್ಯಾರ್ಥಿಗೆ ಇದು ಅನುಕೂಲ.
2. ಪಾಠ ತರಗತಿಯಲ್ಲಿ, ಸೇವೆ ಆನ್‌ಲೈನ್‌ನಲ್ಲಿ. ನಗರದ ಕಾಲೇಜಿನ ವಿದ್ಯಾರ್ಥಿಗಳು ಪಂಚಾಯತಿಯ ದಾಖಲೆಗಳನ್ನು ಕ್ರಮಪಡಿಸಿಕೊಡುವುದು ಇದಕ್ಕೆ ಉದಾಹರಣೆ.
3. ಪಾಠ, ಸೇವೆ ಎರಡೂ ಭಾಗಶಃ ಆನ್‌ಲೈನ್, ಭಾಗಶಃ ಸ್ಥಳದಲ್ಲಿ.
4. ಪಾಠ, ಸೇವೆ ಎರಡೂ ಸಂಪೂರ್ಣವಾಗಿ ಆನ್‌ಲೈನ್.

ಗ್ರಾಮ ಪಂಚಾಯತಿಗಳಿಗೆ ಮೂರನೆಯ ವಿಧವೇ ಹೆಚ್ಚು ಹೊಂದುತ್ತದೆ. ಒಮ್ಮೆ ಊರನ್ನು ಕಂಡ ವಿದ್ಯಾರ್ಥಿಗೆ ದಾಖಲೆಯಲ್ಲಿನ ‘ಮೇಲಿನ ಓಣಿ’, ‘ಹಳೆ ಬಾವಿ’ ಎಂಬ ಪದಗಳು ಅರ್ಥವಾಗುತ್ತವೆ. ಕಾಣದವನಿಗೆ ಅವು ಕೇವಲ ಅಕ್ಷರಗಳು.

ದೂರದಿಂದ ಆಗಬಹುದಾದ ಕೆಲಸಗಳು

ದೂರದಲ್ಲಿದ್ದುಕೊಂಡು ಮಾಡಿದ ಸೇವೆಯಿಂದ ನಿಜವಾದ ಪ್ರಯೋಜನ ದೊರೆತ ನಿದರ್ಶನಗಳಿವೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪ ಸಂಭವಿಸಿದಾಗ, ಜಗತ್ತಿನ ನಾನಾ ಭಾಗಗಳ ಸಾವಿರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಅಲ್ಲಿನ ರಸ್ತೆ ಹಾಗೂ ಕಟ್ಟಡಗಳನ್ನು ಗುರುತಿಸಿದರು. ಆ ನಕ್ಷೆಗಳು ಪರಿಹಾರ ತಂಡಗಳಿಗೆ ನೆರವಾದವು. ಕರ್ನಾಟಕದಲ್ಲಿಯೂ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ತಮ್ಮ ಕಲಿಕೆಯ ಅಂಗವಾಗಿ ಕನ್ನಡ ವಿಕಿಪೀಡಿಯದಂತಹ ಮುಕ್ತ ಜ್ಞಾನ ಯೋಜನೆಗಳಿಗೆ ದುಡಿದಿದ್ದಾರೆ.

ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಈ ಕೆಳಗಿನ ಕೆಲಸಗಳನ್ನು ಪರಿಗಣಿಸಬಹುದು:

• ಕೆರೆ, ಕಾಲುವೆ, ರಸ್ತೆ, ಸ್ಮಶಾನ, ಬೀದಿದೀಪ ಮೊದಲಾದ ಸಾರ್ವಜನಿಕ ಆಸ್ತಿಗಳನ್ನು ನಕ್ಷೆಯಲ್ಲಿ ಗುರುತಿಸುವುದು.
• ಸರ್ಕಾರಿ ಯೋಜನೆಗಳ ಅರ್ಹತೆ ಮತ್ತು ಅರ್ಜಿಯ ವಿಧಾನವನ್ನು ಸರಳ ಕನ್ನಡದ ಒಂದು ಪುಟದ ಕರಪತ್ರವಾಗಿ ಅಥವಾ ಅನಕ್ಷರಸ್ಥರಿಗಾಗಿ ಧ್ವನಿಮುದ್ರಿಕೆಯಾಗಿ ಸಿದ್ಧಪಡಿಸುವುದು.
• ಅರಿವು ಕೇಂದ್ರಕ್ಕೆ ಬರುವ ಮಕ್ಕಳಿಗೆ, ಗ್ರಂಥಾಲಯ ಮೇಲ್ವಿಚಾರಕರ ಸಮ್ಮುಖದಲ್ಲಿ, ನಿಗದಿತ ಸಮಯದಲ್ಲಿ ಗಣಿತ ಅಥವಾ ಇಂಗ್ಲಿಷ್ ಪಾಠ ಹೇಳಿಕೊಡುವುದು.
• 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ರಚಿತವಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ತಯಾರಿಸುವ ಜನತಾ ಜೀವವೈವಿಧ್ಯ ದಾಖಲಾತಿಗೆ, ಸಸ್ಯಗಳ ಸ್ಥಳೀಯ ಹೆಸರು ಮತ್ತು ಶಾಸ್ತ್ರೀಯ ಹೆಸರುಗಳನ್ನು ಹೊಂದಿಸಿಕೊಡುವುದು. ನಾಟಿ ವೈದ್ಯರ ತಿಳಿವಳಿಕೆಯನ್ನು ಮಾತ್ರ ಸಮಿತಿಯ ಅನುಮತಿಯಿಲ್ಲದೆ ಎಲ್ಲಿಯೂ ಪ್ರಕಟಿಸಕೂಡದು.
• ಪಂಚಾಯತಿಯಲ್ಲಿ ಈಗಾಗಲೇ ಇರುವ ದಾಖಲೆಗಳನ್ನು ಕೋಷ್ಟಕವಾಗಿ ಜೋಡಿಸಿ, ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಿಕೆಗೆ ಒದಗಿಸುವುದು.

ಒಂದು ನಿದರ್ಶನ: ಕುಡಿಯುವ ನೀರಿನ ಪರೀಕ್ಷಾ ದಾಖಲೆ

ಮೇಲಿನ ಪಟ್ಟಿಯ ಕೊನೆಯ ಅಂಶವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಇದರ ಅಡಿಯಲ್ಲಿ ಪ್ರತಿ ಗ್ರಾಮದ 5 ಮಂದಿ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಪರೀಕ್ಷೆ ನಡೆಯುತ್ತದೆ, ಫಲಿತಾಂಶ ದಾಖಲಾಗುತ್ತದೆ. ಆದರೆ ಯಾವ ಕೊಳವೆ ಬಾವಿಯ ನೀರು ಯಾವ ತಿಂಗಳಲ್ಲಿ ಕೆಡುತ್ತದೆ, ವರ್ಷದಿಂದ ವರ್ಷಕ್ಕೆ ಏನು ಬದಲಾಗಿದೆ ಎಂಬುದನ್ನು ಬಿಡಿ ಬಿಡಿ ಹಾಳೆಗಳಿಂದ ತಿಳಿಯುವುದು ಕಷ್ಟ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲ ಇಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ತುಮಕೂರು ಜಿಲ್ಲೆಯ ಪಾವಗಡದಂತಹ ಕಡೆಗಳಲ್ಲಿ ಆಳದ ಕೊಳವೆ ಬಾವಿಗಳ ಫ್ಲೋರೈಡ್‌ನಿಂದ ಮಕ್ಕಳ ಹಲ್ಲುಗಳು ಕಲೆಗಟ್ಟುವುದನ್ನೂ ಹಿರಿಯರ ಕೀಲು ಮತ್ತು ಬೆನ್ನು ಬಿಗಿಯುವುದನ್ನೂ ಜನರು ಕಂಡಿದ್ದಾರೆ. ಹಾನಿ ನಿಧಾನವಾಗಿ ಆಗುವುದರಿಂದ ಒಂದು ದಿನದ ಪರೀಕ್ಷೆಗಿಂತ ಹಲವು ವರ್ಷಗಳ ಅಂಕಿಗಳನ್ನು ಒಟ್ಟಿಗೆ ನೋಡುವುದು ಮುಖ್ಯ.

ರಸಾಯನಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ತಕ್ಕ ಕೆಲಸ. ಮೊದಲ ಭೇಟಿಯಲ್ಲಿ ಅವರು ನೀರುಗಂಟಿಯೊಂದಿಗೆ ಪ್ರತಿ ಜಲಮೂಲದ ಬಳಿಗೆ ಹೋಗಿ, ಅದಕ್ಕೊಂದು ಸಂಖ್ಯೆ ನೀಡಿ, ಸ್ಥಳವನ್ನು ಗುರುತಿಸಿಕೊಳ್ಳುತ್ತಾರೆ. ಪರೀಕ್ಷಾ ವಹಿಯ ಪುಟಗಳ ಛಾಯಾಚಿತ್ರಗಳನ್ನು ಪಡೆಯುತ್ತಾರೆ. ಅನಂತರ ಕಾಲೇಜಿನಲ್ಲಿದ್ದುಕೊಂಡೇ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿ, ಒಬ್ಬರು ನಮೂದಿಸಿದ್ದನ್ನು ಮತ್ತೊಬ್ಬರು ತಾಳೆ ನೋಡುತ್ತಾರೆ. ಸಂದೇಹ ಬಂದಲ್ಲಿ ನಿಗದಿತ ದಿನದ ದೂರವಾಣಿ ಸಭೆಯಲ್ಲಿ ಪರೀಕ್ಷೆ ನಡೆಸಿದ ಮಹಿಳೆಯರನ್ನೇ ಕೇಳುತ್ತಾರೆ. ಮಿತಿ ಮೀರಿದ ಅಂಕಿ ಕಂಡರೆ ಅದನ್ನು ತೀರ್ಪೆಂದು ಭಾವಿಸದೆ, ಆ ಮೂಲದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಪಂಚಾಯತಿಗೆ ಸೂಚಿಸುತ್ತಾರೆ. ಏಕೆಂದರೆ ಕಿಟ್ ನೀಡುವುದು ಅಂದಾಜು ಫಲಿತಾಂಶ ಮಾತ್ರ. ಕೊನೆಯಲ್ಲಿ ಪ್ರತಿ ಜನವಸತಿಗೆ ಒಂದು ಪುಟದಂತೆ, ಯಾವ ನಲ್ಲಿಯ ನೀರು ಕುಡಿಯಲು ಯೋಗ್ಯ, ಯಾವುದು ಪಾತ್ರೆ ಬಟ್ಟೆ ತೊಳೆಯಲು ಮಾತ್ರ ಎಂಬ ಕನ್ನಡದ ವರದಿಯನ್ನು ಗ್ರಾಮಸಭೆಯಲ್ಲಿ ಓದುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಪುಸ್ತಕದ ಪಾಠವನ್ನು ನಿಜವಾದ ನೀರಿನಲ್ಲಿ ಕಂಡುಕೊಳ್ಳುತ್ತಾರೆ. ಶುದ್ಧ ಕುಡಿಯುವ ನೀರಿನ ಘಟಕ ಯಾವ ಓಣಿಗೆ ಮೊದಲು ಬೇಕು ಎಂಬ ವಾಗ್ವಾದಕ್ಕೆ ಪಂಚಾಯತಿಯ ಕೈಯಲ್ಲಿ ಆಧಾರ ದೊರೆಯುತ್ತದೆ. ಯಾರೊಬ್ಬರ ಖಾಸಗಿ ವಿವರವೂ ಊರಿನಿಂದ ಹೊರಗೆ ಹೋಗುವುದಿಲ್ಲ. ಮೊದಲ ಬಾರಿಗೆ ಇಂತಹ ಕಾರ್ಯಕ್ಕೆ ಕೈಹಾಕುವ ಪಂಚಾಯತಿಗೆ ಈ ಬಗೆಯ ಕೆಲಸವೇ ಸೂಕ್ತ.

ಒಪ್ಪಬಾರದ ಕೆಲಸಗಳು

ಕೆಲವು ಕೆಲಸಗಳನ್ನು ವಿದ್ಯಾರ್ಥಿಗಳಿಗೆ ವಹಿಸುವುದು ಸರಿಯಲ್ಲ. ಪಂಚಾಯತಿಯ ಅಧಿಕೃತ ತಂತ್ರಾಂಶಗಳಾದ ಇ-ಸ್ವತ್ತು, ಪಂಚತಂತ್ರ ಮೊದಲಾದವುಗಳ ಲಾಗಿನ್, ಗುಪ್ತಪದ ಮತ್ತು ಒಟಿಪಿಗಳನ್ನು ಯಾವ ಕಾರಣಕ್ಕೂ ಹಂಚಿಕೊಳ್ಳಬಾರದು. ‘ನಮೂದಿಸುವವರು ಸಿಕ್ಕಿದ್ದಾರೆ’ ಎಂಬ ಅನುಕೂಲಕ್ಕಾಗಿ ಹೀಗೆ ಮಾಡಿದರೆ, ಮುಂದೆ ಆಗುವ ತಪ್ಪಿಗೆ ಪಂಚಾಯತಿಯೇ ಉತ್ತರಿಸಬೇಕಾಗುತ್ತದೆ. ವಸತಿ ಅಥವಾ ಇತರ ಯೋಜನೆಗಳ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕಾದ ಕಾರ್ಯ. ವಿದ್ಯಾರ್ಥಿಗಳು ಸಿದ್ಧಪಡಿಸಿದ ಪಟ್ಟಿ ಅದರ ಸ್ಥಾನವನ್ನು ತೆಗೆದುಕೊಳ್ಳಲಾಗದು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ರೋಗದ ವಿವರ, ಕುಟುಂಬ ಕಲಹದ ಸಂಗತಿಗಳನ್ನು ಕಲಿಕೆಯ ಹೆಸರಿನಲ್ಲಿ ಸಂಗ್ರಹಿಸುವ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಬ್ಬರ ವಿವರವನ್ನು ಅವರ ಒಪ್ಪಿಗೆಯ ಮೇರೆಗೆ, ತಿಳಿಸಿದ ಉದ್ದೇಶಕ್ಕಷ್ಟೇ ಬಳಸುವುದನ್ನು ಮೂಲ ನಿಯಮವನ್ನಾಗಿಸಿದೆ. 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಸದಸ್ಯರು ಹೇಳಿದರೆಂದು ಊರಿನವರು ವಿವರ ಕೊಡುತ್ತಾರೆ. ಆದ್ದರಿಂದ ಆ ನಂಬಿಕೆ ಕೆಟ್ಟರೆ ಕಾಲೇಜಿಗಿಂತ ಮೊದಲು ಪ್ರಶ್ನೆ ಎದುರಿಸುವವರು ಸದಸ್ಯರೇ.

ಗ್ರಾಮದ ಶ್ರಮಕ್ಕೂ ಲೆಕ್ಕವಿರಲಿ

ಆನ್‌ಲೈನ್ ಸೇವೆಯಿಂದ ಪಂಚಾಯತಿಗೆ ಖರ್ಚಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ದೂರದ ವಿದ್ಯಾರ್ಥಿಗೆ ಒಂದು ಛಾಯಾಚಿತ್ರ ಬೇಕೆಂದರೆ ಯಾರಾದರೂ ಹೋಗಿ ತೆಗೆಯಬೇಕು; ಒಂದು ಅಂಕಿ ಬೇಕೆಂದರೆ ಯಾರಾದರೂ ವಹಿ ಬಿಚ್ಚಬೇಕು. ಆ ‘ಯಾರಾದರೂ’ ಸಾಮಾನ್ಯವಾಗಿ ಕರ ವಸೂಲಿಗಾರ, ನೀರುಗಂಟಿ, ಗ್ರಂಥಾಲಯ ಮೇಲ್ವಿಚಾರಕರು, ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆ ಆಗಿರುತ್ತಾರೆ. 30 ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಕರೆ ಮಾಡಿದರೆ ಅವರ ದಿನದ ಕೆಲಸವೇ ನಿಲ್ಲುತ್ತದೆ. ವಿದ್ಯಾರ್ಥಿಯ ಗಂಟೆಗಳಿಗೆ ಕ್ರೆಡಿಟ್ ಇದೆ, ಇವರ ಗಂಟೆಗಳಿಗೆ ಯಾವುದೂ ಇಲ್ಲ. ಆದ್ದರಿಂದ ಕಾಲೇಜಿನ ಕಡೆಯಿಂದ ಒಬ್ಬರು, ಪಂಚಾಯತಿಯ ಕಡೆಯಿಂದ ಒಬ್ಬರು ಸಂಪರ್ಕಕ್ಕಿದ್ದು, ವಾರಕ್ಕೊಮ್ಮೆ ಗೊತ್ತಾದ ಸಮಯದಲ್ಲಿ ಮಾತ್ರ ಮಾತುಕತೆ ನಡೆಯುವುದು ಒಳಿತು.

ಮೊಬೈಲ್ ಇರುವ ಮನೆಯಲ್ಲೆಲ್ಲ ಅದು ಮಹಿಳೆಯರ ಕೈಗೂ ಸಿಗುತ್ತದೆಂದು ಭಾವಿಸಬಾರದು. ಸಂಪರ್ಕಜಾಲ ದೊರೆಯದ ಹಾಡಿ, ತಾಂಡಾ, ದೊಡ್ಡಿಗಳೂ ಇವೆ. ಆನ್‌ಲೈನ್ ಮೂಲಕ ಅಭಿಪ್ರಾಯ ಕೇಳಿದರೆ ಅಲ್ಲಿನವರ ಮಾತು ಸೇರದೆಯೇ ‘ಗ್ರಾಮದ ಅಭಿಪ್ರಾಯ’ ಸಿದ್ಧವಾಗಿಬಿಡುತ್ತದೆ. ವಿದ್ಯಾರ್ಥಿಗಳ ಕ್ಷೇತ್ರ ಭೇಟಿಯನ್ನು ಇಂತಹ ಜನವಸತಿಗಳಿಗೇ ಮೀಸಲಿಡುವಂತೆ ಪಂಚಾಯತಿಯು ಸೂಚಿಸಬಹುದು. ಈ ಕುರಿತು ಸಾಮಾಜಿಕ ನ್ಯಾಯ ಸಮಿತಿಯ ಅಭಿಪ್ರಾಯ ಪಡೆಯುವುದು ಸೂಕ್ತ.

ಒಪ್ಪಿಗೆ ಪತ್ರದಲ್ಲಿ ಇರಬೇಕಾದ ಅಂಶಗಳು

ಕಾಲೇಜಿನೊಂದಿಗೆ ಮಾಡಿಕೊಳ್ಳುವ ಒಪ್ಪಿಗೆ ಉದ್ದವಾಗಿರಬೇಕಿಲ್ಲ. ಈ ಅಂಶಗಳು ಲಿಖಿತವಾಗಿದ್ದರೆ ಸಾಕು:

1. ಕೆಲಸ ಯಾವುದು, ಅದರ ಅಗತ್ಯವನ್ನು ಯಾವ ವಾರ್ಡ್ ಸಭೆ, ಗ್ರಾಮಸಭೆ ಅಥವಾ ಸಮಿತಿಯಲ್ಲಿ ಗುರುತಿಸಲಾಯಿತು.
2. ವಿದ್ಯಾರ್ಥಿಗಳ ಸಂಖ್ಯೆ, ಹೊಣೆ ಹೊತ್ತ ಅಧ್ಯಾಪಕರು, ಆರಂಭ ಮತ್ತು ಮುಕ್ತಾಯದ ದಿನಾಂಕ.
3. ಎಷ್ಟು ಭಾಗ ಆನ್‌ಲೈನ್, ಎಷ್ಟು ಬಾರಿ ಗ್ರಾಮಕ್ಕೆ ಭೇಟಿ.
4. ಯಾವ ದಾಖಲೆಯನ್ನು ನೀಡಲಾಗುತ್ತದೆ, ಅದನ್ನು ಯಾರು ನೋಡಬಹುದು, ಕೆಲಸ ಮುಗಿದ ಮೇಲೆ ಪ್ರತಿಗಳನ್ನು ಯಾವಾಗ ಅಳಿಸಲಾಗುತ್ತದೆ.
5. ಗ್ರಾಮಸ್ಥರ ಹೆಸರು ಮತ್ತು ಛಾಯಾಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ ಎಂಬ ಭರವಸೆ.
6. ಅಂತಿಮ ವರದಿ ಕನ್ನಡದಲ್ಲಿ. ಮುದ್ರಿತ ಪ್ರತಿ ಮತ್ತು ತಿದ್ದಬಹುದಾದ ಕೋಷ್ಟಕದ ಕಡತ ಎರಡೂ ಪಂಚಾಯತಿಗೆ.
7. ವರದಿಯನ್ನು ಗ್ರಾಮಸಭೆಯಲ್ಲಿ ಮಂಡಿಸುವ ದಿನಾಂಕ. ವಿದ್ಯಾರ್ಥಿಗಳ ಅಂಕ ನಿರ್ಧಾರಕ್ಕೆ ಮುನ್ನ ಪಂಚಾಯತಿಯ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವ ಕ್ರಮ.

ಕೊನೆಯ ಎರಡು ಅಂಶಗಳು ಅತಿ ಮುಖ್ಯ. ಸೆಮಿಸ್ಟರ್ ಮುಗಿದೊಡನೆ ವಿದ್ಯಾರ್ಥಿಗಳು ಪರೀಕ್ಷೆಗೆ, ಮುಂದಿನ ತರಗತಿಗೆ ಹೋಗುತ್ತಾರೆ. ಮುಂದಿನ ವರ್ಷ ಬರುವವರು ಹೊಸಬರು. ದಾಖಲೆ ಪಂಚಾಯತಿಯಲ್ಲಿ ಉಳಿದಿದ್ದರೆ ಹೊಸಬರು ಹಿಂದಿನವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾರೆ. ಇಲ್ಲವಾದರೆ ಅದೇ ಮನೆಯ ಅದೇ ಅಜ್ಜಿಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ.

ಪಂಚಾಯತಿಯೇ ಮೊದಲು ಪತ್ರ ಬರೆಯಬಹುದು

ಕಾಲೇಜಿನ ಪತ್ರಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ. ವಾರ್ಡ್ ಸಭೆಗಳಲ್ಲಿ ಬಂದ ಬೇಡಿಕೆಗಳಲ್ಲಿ ಹಣಕ್ಕಿಂತ ಮಾಹಿತಿ, ಲೆಕ್ಕ ಅಥವಾ ಬರವಣಿಗೆಯ ನೆರವು ಬೇಕಾದ ಎರಡು ಮೂರು ಕೆಲಸಗಳನ್ನು ಆರಿಸಿ, ಹತ್ತಿರದ ಪದವಿ ಕಾಲೇಜಿಗೆ ಪಂಚಾಯತಿಯೇ ಪತ್ರ ಬರೆಯಬಹುದು. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವ್ಯಾಸಂಗ ವಿಷಯವೇ ಗ್ರಾಮೀಣಾಭಿವೃದ್ಧಿಯಾಗಿದೆ.

ಊರಿನಿಂದಲೇ ಓದಲು ಹೋದ ಮಕ್ಕಳನ್ನೂ ಮರೆಯಬಾರದು. ಅವರಿಗೆ ಊರಿನ ಕೇರಿ, ಕೆರೆ, ಮಾತಿನ ಧಾಟಿ ಎಲ್ಲವೂ ಗೊತ್ತು. ಹೊರಗಿನ ವಿದ್ಯಾರ್ಥಿಗಳ ತಂಡದಲ್ಲಿ ಇಂತಹ ಒಬ್ಬರಿದ್ದರೆ ಅನೇಕ ತಪ್ಪುಗಳು ಆರಂಭದಲ್ಲೇ ನಿವಾರಣೆಯಾಗುತ್ತವೆ. ಹಾಸ್ಟೆಲಿನಲ್ಲಿ ಕುಳಿತ ಮಗಳೊಬ್ಬಳು ತನ್ನೂರಿನ ನೀರಿನ ಲೆಕ್ಕವನ್ನು ತಾನೇ ಬರೆದು, ಗ್ರಾಮಸಭೆಯಲ್ಲಿ ಎದ್ದುನಿಂತು ಓದುವ ಸಂದರ್ಭವನ್ನು ಒದಗಿಸಿಕೊಡುವುದು ಪಂಚಾಯತಿಯಿಂದ ಸಾಧ್ಯವಾಗುವ ಕಾರ್ಯ.

ಒಟ್ಟಿನಲ್ಲಿ, ಆನ್‌ಲೈನ್ ಸಮುದಾಯ ಸೇವಾ ಕಲಿಕೆಯಲ್ಲಿ ಗ್ರಾಮ ಪಂಚಾಯತಿಯ ಪಾತ್ರ ಅನುಮತಿ ನೀಡುವುದಕ್ಕೆ ಸೀಮಿತವಲ್ಲ. ಯಾವ ಕೆಲಸ ಬೇಕೆಂದು ಹೇಳುವುದು, ಯಾವುದು ಬೇಡವೆಂದು ತಡೆಯುವುದು, ಆದ ಕೆಲಸವನ್ನು ಊರಿನ ಮುಂದೆ ಇಡಿಸುವುದು ಅದರ ಹೊಣೆ. ಕಲಿಕೆ ವಿದ್ಯಾರ್ಥಿಯದಾಗಲಿ, ಅದರ ಫಲ ಮತ್ತು ದಾಖಲೆ ಗ್ರಾಮದಲ್ಲಿ ಉಳಿಯಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಚರ್ಚಿಸಿ, ತಮ್ಮ ಪಂಚಾಯತಿಗೆ ತಕ್ಕ ಒಂದು ಕೆಲಸವನ್ನಾದರೂ ಗುರುತಿಸುವುದು ಅಪೇಕ್ಷಣೀಯ.